ಎದ್ದು ಹೋಗದ ಗಿರಾಕಿ

ನನಗೊಂದು ಚಟವಿದೆ. ಎಲೆ ಅಡಿಕೆಯದಲ್ಲ, ಇಸ್ಪೀಟಿನದೂ ಅಲ್ಲ. ಅವಾಗಿದ್ದರೆ ಹೆಂಡತಿ ಎಂದೋ ಬಿಡಿಸುತ್ತಿದ್ದಳು. ದೊಡ್ಡ ಮನುಷ್ಯರು ಹೇಗೆ ದೊಡ್ಡವರಾದರೆಂದು ಓದುವ ಚಟ ನನ್ನದು. ಮುಂಬಯಿಯ ಫೌಂಟನ್ ಬಳಿಯ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳ ರಾಶಿಯ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತೆನೆಂದರೆ ಸಾಬೂನಿನ ದೊರೆ, ಟೈರಿನ ದೊರೆ, ಬಿಸ್ಕತ್ತಿನ ದೊರೆ ಹೀಗೆ ಯಾರಾದರೊಬ್ಬರು ನನ್ನ ಕೈಚೀಲ ಸೇರಿ ಮನೆಗೆ ಬರುತ್ತಾರೆ. ಮುಖಪುಟದಲ್ಲಿ ಅವರೆಲ್ಲ ಒಂದೇ ರೀತಿ ಕೆನ್ನೆಗೆ ಕೈಯಾನಿಸಿಕೊಂಡು ನನ್ನನ್ನೇ ನೋಡುತ್ತಾರೆ. ಏನಯ್ಯ, ನೀನಿನ್ನೂ ಗುಮಾಸ್ತನೇ ಎಂದು ಕೇಳಿದಂತಿರುತ್ತದೆ. ಹೌದು ಸ್ವಾಮಿ, ಇನ್ನೂ ಗುಮಾಸ್ತನೇ.

ಇಷ್ಟೆಲ್ಲ ಓದಲು ಪುರುಸೊತ್ತು ಎಲ್ಲಿಂದ ಬಂತೆಂದು ನೀವು ಕೇಳಬಹುದು. ನನ್ನ ಮನೆ ಪರೇಲಿನ ಚಾಳಿನಲ್ಲಿ, ಎಂದರೆ ವಠಾರದಲ್ಲಿ, ಕೆಲಸ ವಿಕ್ರೋಳಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ. ಬೆಳಿಗ್ಗೆ ಇಡೀ ಮುಂಬಯಿ ಆಫೀಸುಗಳಿರುವ ಕೋಟೆ ಪ್ರದೇಶದ ಕಡೆ ನುಗ್ಗುವಾಗ ನಾನು ಅದಕ್ಕೆ ಬೆನ್ನು ಹಾಕಿ ಹೊರಟಿರುತ್ತೇನೆ. ಆ ಕಡೆಗೆ ಹೋಗುವ ಲೋಕಲ್‌ನಲ್ಲಿ ಕಿಟಕಿಯ ಪಕ್ಕದ ಸೀಟು ಸಿಗುವುದಷ್ಟೇ ಅಲ್ಲ, ಎದುರಿನ ಸೀಟಿಗೆ ಕಾಲು ಚಾಚಲೂ ಜಾಗವಿರುತ್ತದೆ. ಪಕ್ಕದ ಹಳಿಯಲ್ಲಿ ಎದುರಾಗುವ ಗಾಡಿಗಳ ಬಾಗಿಲಿನಲ್ಲಿ ನೇತಾಡಿಕೊಂಡು ಬರುವವರು ಬದುಕಿನಲ್ಲಿ ಮುಂದೆ ಬರುತ್ತಿರುವವರು. ಮುಂದೆ ಬರುವುದು ಹೇಗೆಂದು ಕಾಲು ಚಾಚಿ ಓದುತ್ತಿರುವವನು ನಾನು.

ಓದಿ ಓದಿ ನಾನು ಕಂಡುಕೊಂಡ ಮೊದಲನೆಯ ಪಾಠವೆಂದರೆ ದೊಡ್ಡವರೆಲ್ಲ ಬೆಳಗಿನ ಜಾವ ನಾಲ್ಕಕ್ಕೆ ಏಳುತ್ತಾರೆ. ಸಾಬೂನಿನವರೂ ಅಷ್ಟೆ, ಟೈರಿನವರೂ ಅಷ್ಟೆ. ಇದೊಂದನ್ನಾದರೂ ಮಾಡಿ ನೋಡೋಣವೆಂದು ಒಂದು ದಿನ ಹುರುಪಿನಿಂದ ಎದ್ದು ಬಾಗಿಲು ತೆರೆದರೆ ಇಡೀ ಚಾಳು ಆಗಲೇ ಎದ್ದಿತ್ತು. ನಮ್ಮ ನಲ್ಲಿಯಲ್ಲಿ ನೀರು ಬರುವುದೇ ಆ ಹೊತ್ತಿಗೆ. ನನ್ನ ಹೆಂಡತಿ ಸುಮತಿಗೆ ಇದು ಮದುವೆಯಾಗಿ ಬಂದ ಮರುದಿನದಿಂದಲೇ ಗೊತ್ತು. ನನಗೆ ಪುಸ್ತಕ ಓದಿ ತಿಳಿಯಬೇಕಾಯಿತು. ಅಷ್ಟು ಜನ ಅಷ್ಟು ವರ್ಷಗಳಿಂದ ನಾಲ್ಕಕ್ಕೇ ಏಳುತ್ತಿದ್ದರೂ ನಮ್ಮ ಚಾಳಿನಿಂದ ಒಬ್ಬ ಬಿಸ್ಕತ್ತಿನ ದೊರೆಯೂ ಹೊರಟಿರಲಿಲ್ಲ. ನಾನು ಬಕೆಟ್ಟು ಹಿಡಿದು ಸಾಲಿನಲ್ಲಿ ನಿಂತೆ.

ಎರಡನೆಯ ಪಾಠ ಛಲದ್ದು. ಬಿದ್ದರೆ ಎದ್ದು ನಿಲ್ಲಬೇಕು, ಮತ್ತೆ ಬಿದ್ದರೆ ಮತ್ತೆ ಎದ್ದು ನಿಲ್ಲಬೇಕು. ಇಲ್ಲಿ ನನಗೆ ಮೊದಲಿನಿಂದಲೂ ಒಂದು ಕುತೂಹಲ. ಪುಸ್ತಕ ಬರೆಯುವವರು ಕೊನೆಗೆ ಎದ್ದು ನಿಂತವರು ಮಾತ್ರ. ಅಷ್ಟೇ ಛಲದಿಂದ ಅಷ್ಟೇ ಸಲ ಎದ್ದು, ಕೊನೆಗೆ ಬಿದ್ದಲ್ಲೇ ಉಳಿದವರ ಕಥೆ ಯಾವ ಫುಟ್‌ಪಾತಿನಲ್ಲಿ ಸಿಗುತ್ತದೆ? ಕೆನ್ನೆಗೆ ಕೈ ಹೊತ್ತ ಪಟ ನಿಜವಾಗಿ ಒಪ್ಪುವುದು ಅವರಿಗೇ, ಆದರೆ ಅವರ ಪಟವನ್ನು ಯಾರೂ ಅಚ್ಚು ಹಾಕುವುದಿಲ್ಲ. ನಾವು ಗೆಲುವಿಗೆ ಯಶಸ್ಸು ಎನ್ನುತ್ತೇವಲ್ಲ, ಸಂಸ್ಕೃತದಲ್ಲಿ ಆ ಶಬ್ದಕ್ಕೆ ಕೀರ್ತಿ ಎಂದು ಅರ್ಥ. ಎಂದರೆ ನಾವು ಮಾಡಿದ್ದಲ್ಲ, ನಾವು ಮಾಡಿದ್ದರ ಬಗ್ಗೆ ನಾಲ್ಕು ಜನ ಆಮೇಲೆ ಹೇಳಿದ್ದು. ಹಾಗಾದರೆ ಆಮೇಲೆ ಹೇಳುವುದಕ್ಕೂ ಆಗ ನಡೆದದ್ದಕ್ಕೂ ನಡುವೆ ಎಷ್ಟು ದೂರವಿರುತ್ತದೆಂದು ಅಳೆದು ನೋಡುವ ಆಸೆ ನನಗಿತ್ತು. ಅಳೆಯಲು ಒಂದು ಬದುಕು ಮನೆಯಲ್ಲೇ ಸಿಕ್ಕಿತು.

ಅದು ಸುಮತಿಯ ತಮ್ಮ ಗೋಪಾಲನದು. ಉಡುಪಿಯ ಕಡೆಯ ಹೆಚ್ಚಿನವರಂತೆ ಅವನೂ ಹೋಟೆಲ್ ಕೆಲಸಕ್ಕೆಂದೇ ಮುಂಬಯಿಗೆ ಬಂದವನು. ಹಲವು ಕಡೆ ದುಡಿದು, ಕೊನೆಗೆ ನಮ್ಮ ಪರೇಲಿನಲ್ಲೇ ಒಂದು ಮಿಲ್ಲಿನ ಗೇಟಿನೆದುರು ಸ್ವಂತ ಹೋಟೆಲು ತೆರೆದ. ಅತಿಥಿ ಸತ್ಕಾರ ಅವನ ರಕ್ತದಲ್ಲೇ ಇತ್ತು. ಬಂದವರನ್ನು ಕೂರಿಸಿ, ಊರು ಕೇರಿ ವಿಚಾರಿಸಿ, ದೋಸೆಯನ್ನು ಆಗಲೇ ಹುಯ್ದು ಗರಿಗರಿಯಾಗಿ ಕೊಡುತ್ತಿದ್ದ. ಮಿಲ್ಲಿನವರಿಗಾದರೋ ಮಿಲ್ಲಿನ ಸೈರನ್ನಾದ ಭೋಂಗಾ ಒಮ್ಮೆ ಕೂಗಿ ಇನ್ನೊಮ್ಮೆ ಕೂಗುವುದರ ನಡುವೆ ಉಸಿರಾಡುವಷ್ಟೇ ಬಿಡುವು. ದೋಸೆ ಬರುವ ಹೊತ್ತಿಗೆ ಗಿರಾಕಿ ಮಗ್ಗದ ಮುಂದೆ ನಿಂತಿರುತ್ತಿದ್ದ. ಹೋಟೆಲು ಮುಚ್ಚಿತು.

ಮುಚ್ಚಿದ ಮೇಲೆ ಗೋಪಾಲ ಕೆಲವು ಕಾಲ ನಮ್ಮ ಮನೆಯಲ್ಲಿದ್ದ. ಆ ದಿನಗಳ ಒಂದು ಚಿತ್ರ ನನ್ನ ಕಣ್ಣಿನಲ್ಲಿ ಹಾಗೇ ಇದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕತ್ತಿನವರೆಗೂ ಗುಂಡಿ ಹಾಕಿಕೊಂಡು ಮಂಚದ ತುದಿಯಲ್ಲಿ ಕೂರುತ್ತಿದ್ದ. ಎಲ್ಲಿಗೋ ಹೊರಟವನ ಹಾಗೆ ಬಾಗಿಲನ್ನೇ ನೋಡುತ್ತಿದ್ದ, ಆದರೆ ಏಳುತ್ತಿರಲಿಲ್ಲ. ನನಗೆ ಆಫೀಸಿಗೆ ಹೊರಡುವ ಗಡಿಬಿಡಿ, ನನ್ನ ಕಾಲುಚೀಲಗಳು ಇರುವುದು ಆ ಮಂಚದ ಕೆಳಗೆ. "ಎಲ್ಲಿಗೆ ಹೊರಟೆ ಗೋಪಾಲ?" ಎಂದು ಒಂದು ದಿನ ಕೇಳಿಯೂ ಬಿಟ್ಟೆ. ಅವನು ಕಾಲು ಪಕ್ಕಕ್ಕೆ ಸರಿಸಿ ನನಗೆ ದಾರಿ ಬಿಟ್ಟ. ಒಳಗಿನಿಂದ ಸುಮತಿ ಬಂದು ಅವನ ಪಕ್ಕದಲ್ಲಿ ಒಂದು ಲೋಟ ಕಾಫಿ ಇಟ್ಟು, ನನ್ನನ್ನು ಕಣ್ಣಿನಲ್ಲೇ ಗದರಿಸಿ ಹೋದಳು. ಆಮೇಲೆ ನಾನು ಕಾಲುಚೀಲಗಳನ್ನು ಕಪಾಟಿನ ಮೇಲೆ ಇಡತೊಡಗಿದೆ.

ನಾನು ಅವನಿಗೆ ಟೈರಿನ ದೊರೆಯ ಪುಸ್ತಕ ಕೊಟ್ಟೆ. ಅದನ್ನು ಅವನು ಓದಿದನೋ ಇಲ್ಲವೋ ತಿಳಿಯದು, ಆದರೆ ಎದ್ದು ನಿಂತದ್ದು ನಿಜ. ಈ ಸಲ ವಿಕ್ರೋಳಿಯಲ್ಲಿ, ಕಾರ್ಖಾನೆಗಳ ಸಾಲಿನಲ್ಲಿ. ಪರೇಲ್ ಅವನಿಗೆ ಕಲಿಸಿದ ಪಾಠ ಒಂದೇ, ಜನಕ್ಕೆ ಹೊತ್ತಿಲ್ಲ ಎಂಬುದು. ಹಾಗಾಗಿ ಇಡ್ಲಿ ಪ್ಲೇಟಿನಲ್ಲೇ ಕಾದಿರುತ್ತಿತ್ತು, ಚಟ್ನಿ ಇಡ್ಲಿಯ ಮೇಲೇ ಬಿದ್ದಿರುತ್ತಿತ್ತು. ಗಿರಾಕಿ ನಿಂತೇ ತಿಂದು ಓಡುವ ಏರ್ಪಾಡು. ಎಲ್ಲ ಸರಿಹೋಯಿತೆನ್ನುವಾಗ ಅಲ್ಲಿಯ ಕಾರ್ಖಾನೆಯವರು, ಎಂದರೆ ನಮ್ಮ ಆಫೀಸಿನವರೇ, ತಮ್ಮದೇ ಕ್ಯಾಂಟೀನ್ ತೆರೆದರು. ಆ ಕ್ಯಾಂಟೀನಿನ ಉಪ್ಪಿಟ್ಟು ಹೇಗಿತ್ತೆಂದು ನನ್ನನ್ನು ಕೇಳಬೇಡಿ, ಈ ಬರಹವನ್ನು ಸುಮತಿಯೂ ಓದುತ್ತಾಳೆ. ಎರಡನೆಯ ಹೋಟೆಲೂ ಮುಚ್ಚಿತು, ಮತ್ತೆ ಇಸ್ತ್ರಿ ಅಂಗಿ, ಮತ್ತೆ ಮಂಚದ ತುದಿ, ಮತ್ತೆ ಕಾಫಿ.

ಈಗ ಮಾಟುಂಗಾದ ದೊಡ್ಡ ಹೋಟೆಲೊಂದರ ಯಜಮಾನರು ಅವನಿಗೆ ಹೇಳಿ ಕಳಿಸಿದರು. ತಮ್ಮ ಗಲ್ಲೆಯ ಮೇಲೆ ಕೂರಲು ನಂಬಿಕೆಯವನೊಬ್ಬ ಬೇಕು, ದೀಪಾವಳಿಯ ತನಕ ಜಾಗ ಹಿಡಿದಿಡುತ್ತೇನೆ ಎಂದು. ಗಲ್ಲೆಯೆಂದರೆ ದುಡ್ಡು ತೆಗೆದುಕೊಳ್ಳುವ ಮೇಜು, ಸುಖದ ಕೆಲಸ. ಸುಮತಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಆದರೆ ಅಷ್ಟರಲ್ಲೇ ಗೋಪಾಲ ಗ್ರಾಂಟ್ ರೋಡಿನಲ್ಲಿ ಒಂದು ಜಾಗ ನೋಡಿ ಬಂದಿದ್ದ.

"ಇದೊಂದು ಮಾಡ್ತೇನೆ ಅಕ್ಕ," ಎಂದ. "ದೀಪಾವಳಿಗೆ ಇದೂ ನಿಲ್ಲದಿದ್ರೆ ಮಾಟುಂಗಾಕ್ಕೆ ಹೋಗಿ ಕೂತ್ಕೊಳ್ತೇನೆ. ಮತ್ತೆ ಜನ್ಮದಲ್ಲಿ ಸ್ವಂತ ಹೋಟೆಲಿನ ಸುದ್ದಿ ತೆಗೆಯುದಿಲ್ಲ."

"ಇವನ ತಲೆ ತಿಂದದ್ದು ನಿಮ್ಮ ಪುಸ್ತಕ," ಎಂದು ಸುಮತಿ ನನ್ನ ಕಡೆ ತಿರುಗಿದಳು. "ಇನ್ನು ಒಂದು ಪುಸ್ತಕ ಅವನ ಕೈಗೆ ಕೊಟ್ರೆ ನೋಡಿ ಮಾರಾಯ್ರೆ." ಅವಳ ಕಣ್ಣಿನಲ್ಲಿ ನೀರಿತ್ತು, ಹಾಗಾಗಿ ನಾನು ತಮಾಷೆಯ ಉತ್ತರ ಕೊಡಲಿಲ್ಲ. ಇಬ್ಬರದೂ ಸರಿಯೆಂದು ನನಗನ್ನಿಸುತ್ತಿತ್ತು. ಯಾವಾಗ ಬಿಡಬೇಕು, ಯಾವಾಗ ಬಿಡಬಾರದು ಎಂಬುದರ ಮೇಲೆ ನನ್ನ ಕಪಾಟಿನ ಅಷ್ಟೂ ದೊರೆಗಳಲ್ಲಿ ಒಬ್ಬನೂ ಒಂದು ಸಾಲು ಬರೆದಿರಲಿಲ್ಲ.

ಗ್ರಾಂಟ್ ರೋಡಿನ ಆ ಜಾಗ ಒಂದು ಕಟ್ಟಡದ ಮೂಲೆ, ಬೆಹ್ರಾಮ್ ಸೇಠ್ ಎಂಬ ಮುದುಕರ ಇರಾನಿ ಹೋಟೆಲು. ಇರಾನಿನಿಂದ ಬಂದು ಚಹಾದ ಹೋಟೆಲು ಇಟ್ಟ ಮುಂಬಯಿಯ ಇರಾನಿಗಳು ಮೂಲೆಗಳಲ್ಲೇ ಯಾಕಿದ್ದಾರೆಂದರೆ, ಮೂಲೆಯ ಅಂಗಡಿ ಆಗಿಬರುವುದಿಲ್ಲವೆಂದು ನಮ್ಮವರು ಬಿಟ್ಟ ಜಾಗಗಳನ್ನು ಅವರು ಹಿಡಿದರಂತೆ. ಎರಡು ರಸ್ತೆಯ ಗಾಳಿ, ಎರಡು ರಸ್ತೆಯ ಗಿರಾಕಿ. ಸೇಠರಿಗೆ ವಯಸ್ಸಾಗಿತ್ತು, ಮುಂದೆ ನಡೆಸುವವರು ಯಾರೂ ಇರಲಿಲ್ಲ. ಅಮೃತಶಿಲೆಯ ಮೇಜು, ಬಾಗಿದ ಮರದ ಕುರ್ಚಿ, ಗೋಡೆಯುದ್ದದ ಕನ್ನಡಿ ಎಲ್ಲವನ್ನೂ ಇದ್ದ ಹಾಗೇ ಗೋಪಾಲನಿಗೆ ಒಪ್ಪಿಸಿದರು. ಜೊತೆಗೆ ಗೋಡೆಯ ಮೇಲೊಂದು ಬೋರ್ಡೂ ಇತ್ತು. ತಲೆ ಬಾಚಬಾರದು, ಕುರ್ಚಿಯ ಮೇಲೆ ಕಾಲಿಡಬಾರದು, ಜಗಳವಾಡಬಾರದು, ಹೊರಗಿನ ತಿಂಡಿ ತರಬಾರದು ಎಂದು ಇರಾನಿಗಳ ಹೋಟೆಲಿನಲ್ಲಿ ಇರುತ್ತದಲ್ಲ, ಅದು.

ಇನ್ನೊಂದು ಸಂಗತಿಯನ್ನು ಗೋಪಾಲ ಗಮನಿಸಲಿಲ್ಲ, ಪುಸ್ತಕ ಓದಿದ ನಾನೂ ಗಮನಿಸಲಿಲ್ಲ. ನಮ್ಮ ಉಡುಪಿ ಹೋಟೆಲಿನ ವಿದ್ಯೆಯೆಲ್ಲ ಗಿರಾಕಿಯನ್ನು ಎಬ್ಬಿಸುವುದರಲ್ಲಿದೆ. ಕೊನೆಯ ತುತ್ತು ಬಾಯಿಗಿಡುವಾಗಲೇ ಬಿಲ್ಲು ಲೋಟದಡಿಗೆ ಬರುತ್ತದೆ. ಆಮೇಲೆ ಮಾಣಿ ಬಟ್ಟೆ ಹಿಡಿದು ಮೇಜು ಒರೆಸಲು ಬರುತ್ತಾನೆ. ಅದಕ್ಕೂ ಬಗ್ಗದಿದ್ದರೆ ಮುಂದಿನ ಗಿರಾಕಿಯನ್ನು ಕುರ್ಚಿಯ ಹಿಂದೆಯೇ ತಂದು ನಿಲ್ಲಿಸುತ್ತಾರೆ. ಕಟ್ಟಕಡೆಗೆ ಫ್ಯಾನು ನಿಲ್ಲುತ್ತದೆ. ಇರಾನಿಯ ಹೋಟೆಲಿನಲ್ಲಾದರೋ ಒಂದು ಚಹಾ ತರಿಸಿಕೊಂಡವನು ಪೇಪರಿನ ಎಲ್ಲ ಪುಟ ಓದಿ, ಪೇಪರು ಪಕ್ಕದವನಿಗೆ ಕೊಟ್ಟು, ಅವನು ಓದಿದ್ದರ ಮೇಲೆ ವಾದ ಮಾಡಿ ಏಳಬಹುದು. ವಿಕ್ರೋಳಿಯ ಪಾಠವನ್ನು ಕಂಠಪಾಠ ಮಾಡಿಕೊಂಡ ಗೋಪಾಲ, ಕೂರುವುದೇ ಕೆಲಸವಾದ ಜನರ ನಡುವೆ ಬಂದು ಬಿದ್ದಿದ್ದ. ಅನುಭವ ದೊಡ್ಡ ಗುರು ಎನ್ನುತ್ತಾರೆ, ನಿಜವೇ. ಆದರೆ ಆ ಗುರು ಕಲಿಸುವುದು ಮುಗಿದುಹೋದ ಪರೀಕ್ಷೆಯ ಉತ್ತರಗಳನ್ನು.

ಬಾಗಿಲು ತೆರೆದ ಮೊದಲನೆಯ ದಿನವೇ, ಬೆಳಗಿನ ಮೊದಲ ಇಡ್ಲಿ ಇನ್ನೂ ಇಳಿದಿರಲಿಲ್ಲ, ಬೆಹ್ರಾಮ್ ಸೇಠ್ ಒಳಗೆ ಬಂದು ಕನ್ನಡಿಯ ಕೆಳಗಿನ ಕುರ್ಚಿಯಲ್ಲಿ ಕುಳಿತರು. ಗೋಪಾಲ ಕೈಮುಗಿದು ಚಹಾ ತರಿಸಿದ. ಸೇಠರು ಒಂದು ಗುಟುಕು ಕುಡಿದು, "ಪಾನಿ ಹೈ, ದೀಕ್ರಾ," ಬರೀ ನೀರು ಮಗನೇ, ಎಂದು ಬೇಸರದಿಂದ ಹೇಳಿ ಪೇಪರು ಬಿಡಿಸಿದರು. ಮಧ್ಯಾಹ್ನದವರೆಗೆ ಏಳಲಿಲ್ಲ. ಮರುದಿನವೂ ಬಂದರು, ಅದರ ಮರುದಿನವೂ. ಅವರು ಕುಳಿತಿರುವುದನ್ನು ಬೀದಿಯಿಂದ ಕಂಡು ಅವರ ಹಳೆಯ ಗಿರಾಕಿಗಳು ಒಬ್ಬೊಬ್ಬರೇ ಒಳಗೆ ಬಂದರು. ಅವರೂ ಕುಳಿತರು.

ಭಾನುವಾರ ನಾನು ನೋಡಲು ಹೋದಾಗ ಯುದ್ಧ ನಡೆದಿತ್ತು. ಬಿಲ್ಲು ಲೋಟದಡಿಗೆ ಬಂತು, ಸೇಠರು ಅದನ್ನು ಮಡಿಸಿ ಪೇಪರಿನಲ್ಲಿ ಗುರುತಿಗೆ ಇಟ್ಟುಕೊಂಡರು. ಶೇಖರನೆಂಬ ಮಾಣಿ ಬಟ್ಟೆ ಹಿಡಿದು ಹೋದ. ಸೇಠರು ಪೇಪರಿನಿಂದ ಕಣ್ಣು ತೆಗೆಯದೆ ಎರಡೂ ಮೊಣಕೈ ಎತ್ತಿ, ಅವನು ಒರೆಸಿ ಮುಗಿಸುವವರೆಗೆ ಗಾಳಿಯಲ್ಲೇ ಹಿಡಿದಿದ್ದು, ಮುಗಿದ ಮೇಲೆ "ಥ್ಯಾಂಕ್ ಯೂ" ಎಂದು ಮತ್ತೆ ಊರಿದರು. ಫ್ಯಾನು ನಿಂತಿತು. ಸೇಠರು ತಲೆಯ ಮೇಲಿನ ಟೋಪಿ ತೆಗೆದು ಗಾಳಿ ಹಾಕಿಕೊಂಡರು, ಪಕ್ಕದವರಿಗೂ ಸ್ವಲ್ಪ ಹಾಕಿದರು. ಗೋಪಾಲ ಗಲ್ಲೆಯ ಹಿಂದೆ ಹಲ್ಲು ಕಚ್ಚಿ ಕುಳಿತಿದ್ದ.

ನಾನು ಈ ಅವಕಾಶ ಬಿಡುವವನಲ್ಲ. ಅಷ್ಟು ದೀರ್ಘ ಕಾಲ ಒಂದೇ ಮೂಲೆಯಲ್ಲಿ ಹೋಟೆಲು ನಡೆಸಿದ ಮನುಷ್ಯ, ಇವರ ಪುಸ್ತಕವಂತೂ ಯಾರೂ ಬರೆಯುವುದಿಲ್ಲ. ಎದುರಿಗೆ ಕುಳಿತು, ನನಗೆ ಬರುವ ಆಫೀಸಿನ ಹಿಂದಿಯಲ್ಲಿ, ನಿಮ್ಮ ಗೆಲುವಿನ ಗುಟ್ಟೇನು ಎಂದು ಕೇಳಿದೆ. ಸೇಠರು ಪೇಪರು ಕೆಳಗಿಟ್ಟರು.

"ಹಮ್ ಬೈಠಾ ಥಾ," ಎಂದು ಗಲ್ಲೆಯ ಕಡೆ ತೋರಿಸಿದರು. ಆಮೇಲೆ ಸುತ್ತಲಿನ ಮೇಜುಗಳ ಕಡೆ ತೋರಿಸಿ, "ಯೇ ಲೋಗ್ ಭೀ ಬೈಠಾ ಥಾ," ಎಂದರು. ತಾನು ಕುಳಿತಿದ್ದೆ, ಇವರೂ ಕುಳಿತಿದ್ದರು, ಅಷ್ಟಕ್ಕೆ ಸಂದರ್ಶನ ಮುಗಿಯಿತು.

ಮಳೆಗಾಲ ಹೋಗಿ ಗಣಪತಿಯೂ ಮುಳುಗಿದ. ದೀಪಾವಳಿ ಹತ್ತಿರ ಬರುತ್ತಿತ್ತು, ಹೋಟೆಲು ಹಾಗೇ ಕುಂಟುತ್ತಿತ್ತು. ಓಡುವ ಜನ ಕುಳಿತವರನ್ನು ನೋಡಿ ಒಳಗೆ ಬರುತ್ತಿರಲಿಲ್ಲ, ಕುಳಿತವರಿಗೆ ಗೋಪಾಲನ ಚಹಾ ಹಿಡಿಸುತ್ತಿರಲಿಲ್ಲ. ಸಕ್ಕರೆ ರೇಷನ್ನಿನಲ್ಲಿದ್ದ ಕಾಲ ಬೇರೆ. ಸುಮತಿ ಮಾಟುಂಗಾದ ಯಜಮಾನರ ಮನೆಗೆ ಹೋಗಿ, ಜಾಗ ಇನ್ನೂ ಹಾಗೇ ಇದೆಯೆಂದು ಕೇಳಿಕೊಂಡು ಬಂದಳು. ಅದೇ ಹೊತ್ತಿಗೆ ಒಂದು ದಿನ ಸೇಠರು ಚಹಾದ ಮೇಲಿನ ಮುನಿಸಿನಿಂದ, ಬೇಕರಿಯ ಬ್ರುನ್ ಪಾವ್ ಎಂಬ ಗಟ್ಟಿ ಬ್ರೆಡ್ಡೊಂದನ್ನು ಪೇಪರಿನಲ್ಲಿ ಸುತ್ತಿ ತಂದು, ಪಕ್ಕದವರ ಇಡ್ಲಿಯ ಸಾಂಬಾರಿನಲ್ಲಿ ಅದ್ದಿ ತಿನ್ನತೊಡಗಿದರು.

ಗೋಪಾಲನಿಗೆ ತಡೆಯಲಾಗಲಿಲ್ಲ. ಸೇಠರ ತಲೆಯ ಮೇಲೇ ತೂಗುತ್ತಿದ್ದ ಬೋರ್ಡನ್ನು ತೋರಿಸಿದ. ಹೊರಗಿನ ತಿಂಡಿ ತರಬಾರದು. ಸೇಠರು ಕುರ್ಚಿ ತಿರುಗಿಸಿ, ಕನ್ನಡಕ ಸರಿಮಾಡಿಕೊಂಡು, ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಓದಿದರು. "ಅಚ್ಛಾ ಲಿಖಾ ಹೈ," ಎಂದರು. "ಹಮ್ ಹೀ ಲಿಖಾಯಾ." ಅದನ್ನು ಬರೆಸಿದವರೇ ಅವರು. ಮತ್ತೆ ತಿರುಗಿ ಬ್ರುನ್ ಅದ್ದಿದರು.

ಅದನ್ನು ನೋಡಿ ಪಕ್ಕದ ಮೇಜಿನವರು ಒಂದು ತುಣುಕು ಕೇಳಿದರು. ಮರುದಿನ ಅವರೂ ಬ್ರುನ್ ತಂದರು. ವಾರ ಕಳೆಯುವುದರೊಳಗೆ ಜನ ಸಾಂಬಾರು ಮಾತ್ರ ಕೇಳುವುದನ್ನು ತಡೆಯಲಾರದೆ, ಗೋಪಾಲ ಶಪಿಸುತ್ತಲೇ ಬೇಕರಿಯವನಿಗೆ ಹೇಳಿ ಬ್ರುನ್ ತರಿಸಿದ. ಶೇಖರ ಅಡುಗೆಮನೆಗೆ "ಏಕ್ ಸೇಠ್!" ಎಂದು ಕೂಗತೊಡಗಿದ, ಆ ತಿಂಡಿಗೆ ಅದೇ ಹೆಸರಾಯಿತು. ಬ್ರುನ್ ಗಟ್ಟಿಯಾದ್ದರಿಂದ ಅದನ್ನು ಅದ್ದಿ, ನೆನೆಸಿ, ನಿಧಾನವಾಗಿ ತಿನ್ನಬೇಕು. ನಿಧಾನವಾಗಿ ತಿನ್ನುವವನಿಗೆ ಮತ್ತೆ ಸಾಂಬಾರು ಬೇಕು, ಸಾಂಬಾರು ಮುಗಿದ ಮೇಲೆ ಬಾಯಿ ಖಾರವಾಗಿ ಕಾಫಿ ಬೇಕು, ಕಾಫಿ ಕುಡಿಯುವಾಗ ಪಕ್ಕದವನ ದೋಸೆ ಕಣ್ಣಿಗೆ ಬೀಳುತ್ತದೆ. ಕುಳಿತವರು ಏಳದೆಯೇ ಹೋಟೆಲು ನಡೆಯತೊಡಗಿತು. ದೀಪಾವಳಿಗೆ ಸುಮತಿ ಗ್ರಾಂಟ್ ರೋಡಿಗೆ ಹೋಗಿ, ಮೇಜುಗಳೆಲ್ಲ ತುಂಬಿ ಗೋಪಾಲ ಅವಳಿಗೊಂದು ಕುರ್ಚಿ ಹುಡುಕಲು ಒದ್ದಾಡುವುದನ್ನು ಕಂಡು ಬಂದಳು. ಮಾಟುಂಗಾದ ಗಲ್ಲೆಗೆ ಬೇರೊಬ್ಬರು ಬಂದರು.

ಇದಾಗಿ ಕೆಲವು ವರ್ಷಗಳ ಮೇಲೆ ನಮ್ಮ ಕನ್ನಡ ಸಂಘದವರು ವಾರ್ಷಿಕೋತ್ಸವದಲ್ಲಿ ಗೋಪಾಲನಿಗೆ ಶಾಲು ಹೊದಿಸಿದರು. ಗೆಲುವಿನ ಗುಟ್ಟಿನ ಬಗ್ಗೆ ಅವನು ಮಾತನಾಡಬೇಕಿತ್ತು. ಭಾಷಣ ಬರೆದುಕೊಡುವ ಕೆಲಸ ಸಹಜವಾಗಿ ನನಗೆ ಬಂತು. ಕಪಾಟಿನ ದೊರೆಗಳನ್ನೆಲ್ಲ ಕೆಳಗಿಳಿಸಿ ಬರೆದೆ. ಎಡೆಬಿಡದ ಪರಿಶ್ರಮ, ಸೋಲಿಗೆ ಅಂಜದ ಛಲ, ಗಿರಾಕಿಯ ನಾಡಿ ಬಲ್ಲ ಜಾಣ್ಮೆ, ಎರಡು ಸಂಸ್ಕೃತಿಗಳನ್ನು ಒಂದು ತಟ್ಟೆಯಲ್ಲಿ ಕೂಡಿಸಿದ ದೂರದೃಷ್ಟಿ. ಸೇಠರು ಬ್ರುನ್ ಅದ್ದಿದಾಗ ಅವನಿಗೆ ಬಂದ ಸಿಟ್ಟು ನನ್ನ ಬರಹದಲ್ಲಿ ದೂರದೃಷ್ಟಿಯಾಗಿತ್ತು. ಗೋಪಾಲ ಅದನ್ನು ಶಾಲಿನಡಿಯಲ್ಲಿ ಬೆವರುತ್ತ ಓದಿದ, ಸಭೆ ಚಪ್ಪಾಳೆ ತಟ್ಟಿತು. ನಾನು ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಆಮೇಲೆ ಹೇಳಿದ್ದಕ್ಕೂ ಆಗ ನಡೆದದ್ದಕ್ಕೂ ನಡುವಿನ ದೂರ ಕೊನೆಗೂ ಅಳತೆಗೆ ಸಿಕ್ಕಿತ್ತು.

ಬೆಹ್ರಾಮ್ ಸೇಠರೂ ಹಳೆಯ ಕೋಟು ಹಾಕಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕುಳಿತಿದ್ದರು. ಕನ್ನಡದ ಒಂದಕ್ಷರ ಬಾರದು. "ಕ್ಯಾ ಬೋಲಾ?" ಎಂದು ಕೇಳಿದರು. "ಮೆಹನತ್," ಎಂದೆ, ಪರಿಶ್ರಮ. "ಕಿಸ್‌ಕಾ?" ಎಂದರು ಸೇಠರು, ಯಾರದು ಎಂದು. ಸಭೆ ಮುಗಿದು ಕುರ್ಚಿ ಮಡಚುವವರು ಬಂದರೂ ಅವರು ಎದ್ದಿರಲಿಲ್ಲ. ಅವರ ಸಾಲನ್ನು ಬಿಟ್ಟು ಉಳಿದದ್ದನ್ನು ಮಡಚಿದರು.

ನಾನೂ ಗೋಪಾಲನೂ ಬಾಗಿಲಲ್ಲಿ ಅವರಿಗಾಗಿ ಕಾದು ನಿಂತೆವು. ನನ್ನಲ್ಲಿ ಒಂದು ಪ್ರಶ್ನೆ ಉಳಿದಿತ್ತು.

"ಒಂದು ಕೇಳ್ತೇನೆ ಗೋಪಾಲ. ಆ ಮನುಷ್ಯನ ತೋಳು ಹಿಡಿದು ಎಬ್ಬಿಸಿದ್ದರೆ ಮೊದಲ ವಾರವೇ ಮುಗೀತಿತ್ತು. ಯಾಕೆ ಎಬ್ಬಿಸ್ಲಿಲ್ಲ?"

ಅವನು ಶಾಲು ತೆಗೆದು ಕೈಮೇಲೆ ಹಾಕಿಕೊಂಡ. "ಎಬ್ಬಿಸ್ಲಿಕ್ಕೇ ಹೋಗಿದ್ದೆ ಭಾವ. ಒಂದು ದಿನ ಸಿಟ್ಟು ನೆತ್ತಿಗೇರಿ ಗಲ್ಲೆಯಿಂದ ಇಳಿದು ಹೋದೆ. ಹತ್ತಿರ ಹೋಗಿ ನೋಡಿದ್ರೆ, ಇಸ್ತ್ರಿ ಮಾಡಿದ ಅಂಗಿ. ಕುತ್ತಿಗೆ ತನಕ ಗುಂಡಿ ಹಾಕಿದ್ದಾರೆ. ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ತಯಾರಾಗಿ ಬಂದು ಕೂತದ್ದು. ಹೋಗ್ಲಿಕ್ಕೆ ಬೇರೆ ಎಲ್ಲಿಯೂ ಇಲ್ಲ." ಶಾಲನ್ನು ಮಡಚುತ್ತ ಹೇಳಿದ. "ನಾನು ಎರಡು ಸಲ ಮುಚ್ಚಿದವ. ಮುಚ್ಚಿದ ಮರುದಿನ ಬೆಳಿಗ್ಗೆ ಅಂದ್ರೆ ಎಂತದು ಅಂತ ನನಗೆ ಗೊತ್ತುಂಟು. ನಿಮ್ಮ ಮಂಚದ ಮೇಲೆ ಹಾಗೇ ಕೂತಿದ್ದೆ ಅಲ್ವಾ? ನನ್ನನ್ನು ಯಾರಾದ್ರೂ ಎಬ್ಬಿಸಿದ್ರಾ?"

ಎಬ್ಬಿಸಿರಲಿಲ್ಲ, ನಿಜ. ಆದರೆ ಅದರಲ್ಲಿ ನನ್ನ ಪಾಲೆಂದರೆ ಕಾಲುಚೀಲಗಳನ್ನು ಕಪಾಟಿನ ಮೇಲಕ್ಕೆ ಏರಿಸಿದ್ದಷ್ಟೇ. ಉಳಿದದ್ದು ದಿನವೂ ಒಂದೂ ಪ್ರಶ್ನೆಯಿಲ್ಲದೆ ಮಂಚದ ತುದಿಗೆ ಬರುತ್ತಿದ್ದ ಆ ಕಾಫಿ. ಅಷ್ಟು ಪುಸ್ತಕ ಓದಿ, ಅಷ್ಟು ಉದ್ದದ ಭಾಷಣ ಬರೆದು, ಅದೊಂದನ್ನೇ ನಾನು ಬಿಟ್ಟಿದ್ದೆ.

ಮನೆಗೆ ಬಂದು ಸುಮತಿಗೆ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಂಡು, "ರೇಷನ್ನಿನ ಕಾಲ, ಅವನ ಕಾಫಿಗೆ ಸಕ್ಕರೆ ಸಹ ನನಗೆ ಸರಿ ಹಾಕ್ಲಿಕ್ಕೆ ಆಗ್ತಿರ್ಲಿಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ನಾನು ಮೇಜಿನ ಮುಂದೆ ಕುಳಿತು, ಆ ವಾರ ಫೌಂಟನ್ನಿನಿಂದ ತಂದಿದ್ದ ಹೊಲಿಗೆ ಯಂತ್ರದ ದೊರೆಯ ಪುಸ್ತಕ ಬಿಡಿಸಿದೆ. ಅವನೂ ನಾಲ್ಕಕ್ಕೇ ಏಳುತ್ತಿದ್ದ. ಅಷ್ಟರಲ್ಲಿ ಸುಮತಿ ಊಟಕ್ಕೆ ಬಡಿಸಲೆಂದು ಬಟ್ಟೆ ಹಿಡಿದು ಮೇಜು ಒರೆಸುತ್ತ ಬಂದಳು. ನಾನು ಪುಸ್ತಕದಿಂದ ಕಣ್ಣು ತೆಗೆಯದೆ ಎರಡೂ ಮೊಣಕೈ ಎತ್ತಿದೆ.